ಖಾಲಿ ಚೂರುಗಳ ಸಾಲು

ಅಕ್ಕನಿಗೆ ಕಣ್ಣು ಹೋದದ್ದು ನಡುವಯಸ್ಸಿನಲ್ಲಿ. ಅಲ್ಲಿಯವರೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸುತ್ತಿದ್ದವಳು. ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ಪುಸ್ತಕ ಓದಿ ಹೇಳುವ ಯಂತ್ರವೊಂದನ್ನು ಮನೆಯಲ್ಲೇ ಕಟ್ಟಲು ಕೂತಳು. ಬೆಸುಗೆ ಹಾಕುವುದು ತಮ್ಮನ ಕೆಲಸ. ಯಂತ್ರದ ಬುಡದಲ್ಲಿದ್ದು ಎಲ್ಲವನ್ನೂ ನಡೆಸುವ ಪ್ರೋಗ್ರಾಂ, ಅಂದರೆ ಕರ್ನಲ್, ಅವಳದು. ಬ್ರೈಲ್ ಲಿಪಿಯ ಉಬ್ಬುಚುಕ್ಕಿಗಳು ಮೂಡುವ ಪಟ್ಟಿಯ ಮೇಲೆ ಬೆರಳಾಡಿಸುತ್ತ ಬರೆದಳು.

ಯಂತ್ರ ಮಾತಾಡಿತು. ಆದರೆ ಕಥೆ ರಂಗೇರುವ ಹೊತ್ತಿಗೆ ಸರಿಯಾಗಿ ಬಾಯಿ ಹೊಲಿದುಕೊಳ್ಳುತ್ತಿತ್ತು.

"ನಂಗೆ ಮರೆವು ಬಂದಿರೋದು ಸಾಲ್ದು ಅಂತ ಇದಕ್ಕೂ ಬಂತಾ?" ಎಂದಳು ಅಮ್ಮ.

ಮೆಮೊರಿಯಲ್ಲಿ ಜಾಗ ಬೇಕಾದಷ್ಟಿತ್ತು. ಪದವೋ ಪುಟವೋ ಇಡಲು ಜಾಗ ಕೇಳಿದಾಗೆಲ್ಲ ಕರ್ನಲ್ ಕೇಳಿದಷ್ಟೇ ಕತ್ತರಿಸಿ ಕೊಟ್ಟು ಕೊಟ್ಟು, ಉಳಿದದ್ದು ಚಿಂದಿಚಿಂದಿಯಾಗಿತ್ತು. ಹೊಸ ಪುಟ ಹಿಡಿಸುವಂಥ ಇಡೀ ತುಂಡು ಎಲ್ಲೂ ಇರಲಿಲ್ಲ.

"ದೊಡ್ಡ ತುಂಡನ್ನ ಬೇಕಾದಾಗ ಎರಡೆರಡಾಗಿ ಸೀಳೋಣ, ವಾಪಸ್ ಬಂದಾಗ ಜೋಡಿ ನೋಡಿ ಸೇರಿಸೋಣ," ಎಂದ ತಮ್ಮ.

ಹಾಗೂ ಮಾಡಿದ್ದಾಯಿತು. ಲೆಕ್ಕ ಎಲ್ಲೋ ತಪ್ಪಿ, ಒಂದು ಪುಟದ ಜಾಗದಲ್ಲಿ ಬೇರೆ ಪುಸ್ತಕದ ಪುಟ ಬಂದು ಕೂತು, ಕಥೆಯ ಹಡಗಿನ ನಾಯಕ ಬಿರುಗಾಳಿಯ ನಡುವೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡತೊಡಗಿದ. ಅಮ್ಮ ನಕ್ಕು ನಕ್ಕು ಸುಸ್ತಾದಳು.

ಅಕ್ಕ ಅದೆಲ್ಲವನ್ನೂ ಅಳಿಸಿದಳು. "ಎಲ್ಲಾ ಚೂರೂ ಒಂದೇ ಅಳತೆ ಇರ್ಲಿ. ಒಂದು ಪುಟ ಹಿಡಿಸೋವಷ್ಟು."

"ಒಂದು ಪದ ಇಡೋಕೂ ಅಷ್ಟು ದೊಡ್ಡದಾ? ದಂಡ ಅಲ್ವಾ?" ಎಂದ ತಮ್ಮ.

"ದಂಡ ಆಗ್ಲಿ ಬಿಡು. ಯಾವ ಚೂರು ಯಾರಿಗೆ ಕೊಟ್ರೂ ಹೊಂದುತ್ತಲ್ಲ."

"ಸರಿ, ಯಾವ್ಯಾವುದು ಖಾಲಿ ಅಂತ ಎಲ್ಲಿ ಬರೆದಿಡ್ತೀಯ? ಅದಕ್ಕೂ ಜಾಗ ಬೇಕಲ್ಲ."

ಅವಳ ಬೆರಳು ಪಟ್ಟಿಯ ಮೇಲೆ ನಿಂತುಬಿಟ್ಟಿತು. ಖಾಲಿ ಚೂರಿನೊಳಗೆ ಏನಿರುತ್ತದೆ? ಏನೂ ಇಲ್ಲ. ಹಾಗಾದರೆ ಮುಂದಿನ ಖಾಲಿ ಚೂರಿನ ವಿಳಾಸವನ್ನು ಅದರೊಳಗೇ ಬರೆಯಬಹುದು. ಮೂರನೆಯದರ ವಿಳಾಸ ಎರಡನೆಯದರೊಳಗೆ, ಹೀಗೇ ಮುಂದಕ್ಕೆ. ಕರ್ನಲ್ ನೆನಪಿಡಬೇಕಾದದ್ದು ಮೊದಲನೆಯದನ್ನು ಮಾತ್ರ. ಯಾರಾದರೂ ಕೇಳಿದರೆ ಅದನ್ನೇ ಎತ್ತಿಕೊಡುವುದು. ವಾಪಸ್ ಬಂದದ್ದನ್ನು ಸಾಲಿನ ತಲೆಗೆ ಸೇರಿಸುವುದು. ಹುಡುಕಾಟವೇ ಇಲ್ಲ. ಬರಿದಾದದ್ದೇ ತನ್ನ ಲೆಕ್ಕವನ್ನು ತಾನು ಹೊತ್ತು ನಿಲ್ಲುತ್ತದೆ. ಅವಳ ಮೈ ನವಿರೆದ್ದಿತು.

ತಮ್ಮ ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಬಂದ. "ಅಕ್ಕಾ, ಇದು ಹಳೇ ಉಪಾಯವಂತೆ. ಎಷ್ಟೋ ಜನ ಆಗ್ಲೇ ಕಂಡ್ಕೊಂಡಿದ್ದಾರಂತೆ."

"ಅವ್ರಿಗೂ ಹೀಗೇ ಮೈ ಜುಮ್ ಅಂದಿರ್ಬೇಕು," ಎಂದಳು. ಬೇಸರದ ಸುಳಿವೂ ಇರಲಿಲ್ಲ.

ಆ ಭಾನುವಾರ ಯಂತ್ರ ಹಡಗಿನ ನಾಯಕನ ಆ ದಪ್ಪ ಕಾದಂಬರಿಯನ್ನು ಎಲ್ಲೂ ತಡವರಿಸದೆ ಮುಗಿಸಿತು. ಮೆಚ್ಚುಗೆಯ ಮಾತಿಗೆ ಕಾಯದೆ ಅಕ್ಕ ಪಟ್ಟಿಯ ಮೇಲೆ ಬೆರಳಾಡಿಸುತ್ತ ಮೆಮೊರಿಯ ಒಳಹೊಕ್ಕಳು. ಒಂದು ಚೂರು ಇನ್ನೊಂದನ್ನು ತೋರಿಸಿತು, ಅದು ಮತ್ತೊಂದನ್ನು. ಅಷ್ಟು ಮಾತು, ಅಷ್ಟು ಕಡಲು, ಅಷ್ಟು ಜನ ಹಾದುಹೋದ ಮೇಲೂ ಕೊಟ್ಟದ್ದೆಲ್ಲ ವಾಪಸ್ ಬಂದು ಸಾಲಿನಲ್ಲಿ ನಿಂತಿತ್ತು. ಕೊನೆಯ ಚೂರಿನಲ್ಲಿ, ಮುಂದೆ ಯಾವುದೂ ಇಲ್ಲ ಎನ್ನುವ ಸೊನ್ನೆ. ಅದರ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಹಾಗೇ ಕೂತಳು.