ಕವರಿನ ಆಟ, ರತ್ನಮ್ಮನ ಮುಯ್ಯಿ

ಜಯಮ್ಮಕ್ಕ, ನಿಮ್ಮ ಕೈನೋವಿನ ವಿಷಯವನ್ನು ಮ್ಯಾನೇಜರ್ ಕಿವಿಗೆ ಹಾಕಿದ್ದು ರತ್ನಮ್ಮ ಅಲ್ಲ. ನಾನು. ನಿಮ್ಮ ಗಾರ್ಮೆಂಟ್ಸಿಗೆ ತರಬೇತಿ ಕೊಡಲು ಬಂದಿದ್ದ ನಾನೇ — ನೀವು ಬಾಯ್ತುಂಬ ‘ಮೇಡಂ’ ಎಂದು ಕರೆಯುತ್ತಿದ್ದವಳು. ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡೇ ಇದ್ದೆ.

ಆ ದಿನ ನಿಮಗೆ ನೆನಪಿರಬೇಕು. ಕಿಟಕಿಯ ತುಂಬ ಮಧುಗಿರಿ ಬೆಟ್ಟ ಕಾಣುವ ಆ ಊಟದ ಹಾಲಿನಲ್ಲಿ ಉದ್ದಕ್ಕೆ ಮೇಜು ಹಾಕಿಸಿ, ಹಳೇ ಪೇಪರು, ಗೋಂದು ಕೊಟ್ಟು ನಿಮ್ಮ ಲೈನಿನವರನ್ನೆಲ್ಲ ಕೂರಿಸಿದ್ದೆ. ಕಿರಾಣಿ ಅಂಗಡಿಯ ಪೇಪರ್ ಕವರ್ ಮಾಡುವ ಆಟ — ಒಬ್ಬರು ಕತ್ತರಿಸುವುದು, ಒಬ್ಬರು ಮಡಚುವುದು, ಒಬ್ಬರು ಅಂಟಿಸುವುದು. ‘ಲೀನ್’ — ದಂಡದ ಕೆಲಸ ಕಳೆಯುವ ಪದ್ಧತಿ — ಎಂದರೇನೆಂದು ಬೋರ್ಡಿನ ಮೇಲೆ ಬರೆದರೆ ಎಲ್ಲರಿಗೂ ಆಕಳಿಕೆ ಬರುತ್ತದೆ. ಕೈಯಾರೆ ಮಾಡಿದರೆ ಕೆಲಸ ಎಲ್ಲಿ ರಾಶಿ ಬೀಳುತ್ತದೆ, ಯಾರು ಸುಮ್ಮನೆ ಕಾಯುತ್ತಾರೆ, ಯಾರ ಶ್ರಮ ದಂಡವಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಶುರುಮಾಡುವ ಮುಂಚೆ ಹೇಳಿದ್ದೆ: ‘ಇದು ಆಟ ಅಷ್ಟೇ, ಇಲ್ಲಿ ಆಗಿದ್ದು ಇಲ್ಲೇ ಇರುತ್ತೆ. ರಾಶಿ ಬಿದ್ರೆ ತಪ್ಪು ಕೆಲಸದ ಕ್ರಮದ್ದು, ಮನುಷ್ಯರದ್ದಲ್ಲ.’ ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಮೊದಲ ಸುತ್ತಿನಲ್ಲಿ ನಿಮನಿಮಗೆ ತೋಚಿದಂತೆ ಮಾಡಿ ಎಂದಿದ್ದೆ. ನಿಮ್ಮದು ಅಂಚು ಮಡಚಿ ಹೆಬ್ಬೆರಳಿನಿಂದ ಒತ್ತುವ ಕೆಲಸ. ಪಕ್ಕದಲ್ಲಿದ್ದ ರತ್ನಮ್ಮ ತನ್ನದನ್ನು ಮುಗಿಸಿ, ಮಾತಾಡುತ್ತಲೇ ನಿಮ್ಮ ಮುಂದಿನ ಹಾಳೆಗಳನ್ನು ಮಡಿಲಿಗೆ ಎಳೆದುಕೊಂಡು, ಮಡಚಿ, ವಾಪಸ್ಸು ಸರಿಸುತ್ತಿದ್ದಳು. ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ಅದು ದಿನವೂ ನಡೆಯುವ ಕೆಲಸವೆಂದು ನನಗೆ ಗೊತ್ತಾಯಿತು. ನಿಮ್ಮ ಊದಿದ ಹೆಬ್ಬೆರಳೂ ಕಂಡಿತು.

ನಾನು ಗೌಡಗೆರೆಯವಳು, ಜಯಮ್ಮಕ್ಕ. ಕಡ್ಲೆಕಾಯಿ ಕೀಳುವ ಕಾಲಕ್ಕೆ ನಮ್ಮವ್ವ ಮುಯ್ಯಾಳಾಗಿ ಹೋಗುತ್ತಿದ್ದಳು — ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಮೈಗೆ ಹುಷಾರಿಲ್ಲದವಳು ಹಿಂದೆ ಬಿದ್ದರೆ ಪಕ್ಕದವಳು ಅವಳ ಸಾಲನ್ನೂ ಸೇರಿಸಿ ಕೀಳುತ್ತಿದ್ದಳು. ಆ ಮುಯ್ಯಿಯನ್ನೇ ನಾನು ಅಲ್ಲಿ ನೋಡಿದ್ದು. ಗೊತ್ತಿಲ್ಲದೆ ಮಾಡಿದೆ ಎನ್ನುವ ಹಾಗೂ ಇಲ್ಲ.

ಎರಡನೇ ಸುತ್ತಿಗೆ, ಒಬ್ಬರ ಕೆಲಸ ಇನ್ನೊಬ್ಬರು ಮುಟ್ಟಬಾರದು ಎಂದೆ. ಆಟದ ನಿಯಮ ಹಾಗಿತ್ತು, ನಿಜ — ಆದರೆ ಆ ನಿಯಮ ಬಿಟ್ಟು ಆಡಿಸಲು ಯಾರು ಅಡ್ಡ ಬಂದಿದ್ದರು? ನಿಮ್ಮ ಮುಂದೆ ರಾಶಿ ಬಿತ್ತು. ಎಲ್ಲರೂ ನಕ್ಕರು. ನೀವೂ ನಕ್ಕು, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿರಿ. ರತ್ನಮ್ಮ ಮಾತ್ರ ನಗಲಿಲ್ಲ.

ಹಿಂದೆ ನಿಂತು ನೋಡುತ್ತಿದ್ದ ಮ್ಯಾನೇಜರ್ ಆಮೇಲೆ ನನ್ನನ್ನು ರೂಮಿಗೆ ಕರೆದು ಟೀ ತರಿಸಿದರು. “ಮೊದಲನೇ ಸಲ ಆ ಜಾಗದಲ್ಲಿ ಯಾಕೆ ರಾಶಿ ಬೀಳ್ಲಿಲ್ಲ ಮೇಡಂ?” ಎಂದರು. ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಶಿರಾದಲ್ಲಿದ್ದ ಅವರ ಇನ್ನೊಂದು ಘಟಕದ ತರಬೇತಿಯೂ ನನಗೇ ಸಿಗಲಿ ಎಂಬ ಆಸೆ. ಅದಕ್ಕಿಂತ ಹೆಚ್ಚಾಗಿ — ಎಂಥ ಸೂಕ್ಷ್ಮ ಕಣ್ಣು ಇವರದು ಎನ್ನಿಸಿಕೊಳ್ಳುವ ಚಪಲ.

“ಆಯಮ್ಮನಿಗೆ ಕೈನೋವು ಸರ್, ಮಾಡಕ್ಕಾಗಲ್ಲ. ಪಕ್ಕದವರು ಮಾಡಿಕೊಡ್ತಾರೆ. ಲೈನಲ್ಲೂ ಹಾಗೇ ಇರಬೇಕು.”

ಅಷ್ಟೇ ನಾನು ಹೇಳಿದ್ದು. ಅಷ್ಟು ಸಾಕಾಯಿತು. ಮೊದಲು ನಿಮ್ಮನ್ನು ಮಿಷಿನ್‌ನಿಂದ ಎಬ್ಬಿಸಿದರು, ಆಮೇಲೆ ಬರುವುದೇ ಬೇಡ ಎಂದರು. ಲೈನಿನವರೇ ದೂರು ಕೊಟ್ಟಿದ್ದಾರೆ ಎಂದರಂತೆ. ನಿಮ್ಮ ಕೈಯ ಗುಟ್ಟು ರತ್ನಮ್ಮನಿಗೆ ಬಿಟ್ಟು ಬೇರೆ ಯಾರಿಗೆ ಗೊತ್ತಿತ್ತು? ನೀವು ಅವಳ ಜೊತೆ ಮಾತು ಬಿಟ್ಟಿರಿ.

ಇದೆಲ್ಲ ನನಗೆ ತಿಳಿದದ್ದು ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ, ರತ್ನಮ್ಮನ ಬಾಯಿಂದ. ಅವಳೇ ಓಡಿಬಂದು ನನ್ನ ಕೈ ಹಿಡಿದುಕೊಂಡಳು.

“ಜಯಕ್ಕ ನನ್ ಮಕಾನೇ ನೋಡಲ್ಲ ಮೇಡಂ. ನಾನ್ ಬಾಣಂತನ ಮುಗ್ಸಿ ಬಂದಾಗ ನಿಂತ್ಕಳಾಕೂ ಆಗ್ತಿರ್ಲಿಲ್ಲ, ನನ್ ಪೀಸ್‌ಗಳ್ನೆಲ್ಲ ಹೊಲ್ಕೊಟ್ಟೋಳು ಅವ್ಳೇಯ. ಅಂತೋಳ್ ಮ್ಯಾಲೆ ನಾನು ಚಾಡಿ ಯೋಳ್ತೀನಾ? ನಾನ್ ಯೋಳ್ಲಿಲ್ಲ ಅಂತ ನೀವಾದ್ರೂ ಒಂದ್ ಮಾತ್ ಯೋಳ್ಬುಡಿ. ನಿಮ್ ಮಾತಾದ್ರೆ ನಂಬ್ತಾಳೆ.”

“ಆಯ್ತು ರತ್ನಮ್ಮ, ಹೇಳ್ತೀನಿ” ಎಂದೆ.

ನಿಮ್ಮೂರು ಕೊಡಿಗೇನಹಳ್ಳಿಯ ಬಸ್ಸು ಎದುರಿಗೇ ನಿಂತಿತ್ತು. ನಾನು ಶಿರಾ ಬಸ್ಸು ಹತ್ತಿದೆ. ಅಲ್ಲಿಯ ತರಬೇತಿ ನನಗೇ ಸಿಕ್ಕಿತ್ತಲ್ಲ — ಹೊತ್ತಾಗಿತ್ತು. ಮೊದಲು ಮಾಡಿದ್ದು ಚಪಲಕ್ಕೆ; ಇದು ಶುದ್ಧ ಹೇಡಿತನ. ನನ್ನನ್ನೇ ಸಾಕ್ಷಿಗೆ ಕರೆದಿದ್ದಳು ಅವಳು. ಆ ನಂಬಿಕೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈಗಲೂ ಊರೂರಲ್ಲಿ ಕವರಿನ ಆಟ ಆಡಿಸುತ್ತೇನೆ. ‘ಇದು ಆಟ ಅಷ್ಟೇ’ ಎನ್ನುವ ಜಾಗ ಬಂದಾಗ ನಾಲಿಗೆ ತಡವರಿಸುತ್ತದೆ. ಎದುರಿಗೆ ಕೂತ ಹೆಂಗಸರು ಮಾತ್ರ ನೀವು ನಂಬಿದ ಹಾಗೆಯೇ ನಂಬಿ, ನಗುತ್ತ ಪೇಪರು ಕೈಗೆ ತೆಗೆದುಕೊಳ್ಳುತ್ತಾರೆ.

ನಿಮ್ಮ ಕೆಲಸ ವಾಪಸ್ಸು ಕೊಡಿಸುವ ಶಕ್ತಿ ನನಗಿಲ್ಲ. ಕ್ಷಮಿಸಿ ಎಂದು ಕೇಳಲು ಮುಖವೂ ಇಲ್ಲ. ಈ ಭಾನುವಾರ ರತ್ನಮ್ಮನ ಮನೆಗೆ ಹೋಗಿ ಮೊದಲು ಅವಳಿಗೆ ನಿಜ ಹೇಳುತ್ತೇನೆ. ಅವಳು ಮುಖಕ್ಕೆ ಉಗಿದರೆ ಒರೆಸಿಕೊಂಡು, ಇಬ್ಬರೂ ಕೊಡಿಗೇನಹಳ್ಳಿ ಬಸ್ಸು ಹತ್ತುತ್ತೇವೆ. ಬಾಗಿಲು ತೆಗೆದಾಗ ಅವಳನ್ನು ಒಳಗೆ ಕರೆಯಿರಿ, ಜಯಮ್ಮಕ್ಕ. ನಾನು ಹೇಳಬೇಕಾದ್ದನ್ನು ಹೊಸ್ತಿಲಾಚೆ ನಿಂತೇ ಹೇಳುತ್ತೇನೆ.