ಬಂಡೆಯನ್ನೇ ಗೋಡೆ ಮಾಡಿದವರು

ತುಮಕೂರು ರಸ್ತೆಯಾಚೆಯ ಕಲ್ಲುಬೆಟ್ಟದ ಮೇಲೆ ಕಲಾ ಮ್ಯೂಸಿಯಂ ಕಟ್ಟಿಸಿದ ಆರ್ಕಿಟೆಕ್ಟ್ ಮೇಡಂ, ಸೂರಿನ ಉಕ್ಕಿನ ಕೆಲಸಕ್ಕಾಗಿ ಪೀಣ್ಯದ ನನ್ನ ಶೆಡ್ಡಿಗೆ ಬರುತ್ತಿದ್ದರು. ನಾನು ಯಾವ ಅಳತೆ ಹೇಳಿದರೂ "ಬೆಟ್ಟಕ್ಕೆ ಒಪ್ಪುತ್ತಾ ನೋಡೋಣ" ಎನ್ನುತ್ತಿದ್ದರು. ಬೆಟ್ಟಕ್ಕೆ ಹೋದರಂತೂ ಚಪ್ಪಲಿ ಕಳಚಿಟ್ಟು ಬಂಡೆಯಿಂದ ಬಂಡೆಗೆ ಹತ್ತುತ್ತಿದ್ದರು.

ಒಮ್ಮೆ ಮ್ಯೂಸಿಯಂ ಟ್ರಸ್ಟಿನ ಅಧ್ಯಕ್ಷರು ಆನೆಗಾತ್ರದ ಬಂಡೆಯೊಂದನ್ನು ತೋರಿಸಿ, "ಇದನ್ನ ಒಡೆಸ್ಬಿಡಿ ಮೇಡಂ, ಕಟ್ಟಡ ರಸ್ತೆಗೆ ಕಾಣ್ಬೇಕು" ಎಂದರು.

"ರಸ್ತೆಗೆ ಬೆಟ್ಟ ಕಾಣ್ಲಿ ಸಾರ್. ಇದನ್ನ ಒಡೆಸೋದಾದ್ರೆ ನನ್ನನ್ನ ಬಿಟ್ಬಿಡಿ" ಎಂದರು ಮೇಡಂ.

ಅಲ್ಲೇ ಅಳತೆ ತೆಗೆಯುತ್ತಿದ್ದ ನನಗೆ ದಿಗಿಲಾಯಿತು. ಮೇಡಂ ಹೋದರೆ ನನ್ನ ಕೆಲಸವೂ ಹೋದಂತೆಯೇ. ಅವರು ಮಾತ್ರ ಅಧ್ಯಕ್ಷರನ್ನು ಬಂಡೆಯ ಹಿಂದಕ್ಕೆ ಕರೆದೊಯ್ದು, "ನಮ್ಮ ಒಳಗೋಡೆ ಇದೇ ಸಾರ್" ಎಂದರು. ಸಂಜೆಯ ಬಿಸಿಲಿಗೆ ಕಲ್ಲು ಕೆಂಪಗೆ ಹೊಳೆಯುತ್ತಿತ್ತು. ಅಧ್ಯಕ್ಷರು ಬಹಳ ಹೊತ್ತು ನೋಡಿ, "ಆಯ್ತಮ್ಮ, ಇರ್ಲಿ" ಎಂದರು.

ಉದ್ಘಾಟನೆಯ ದಿನ ಜನ ಚಿತ್ರಗಳನ್ನು ಬಿಟ್ಟು ಆ ಗೋಡೆಯನ್ನೇ ಸವರಿ ನೋಡುತ್ತಿದ್ದರು. ಮೇಡಂ ಮೂಲೆಯಲ್ಲಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ; ಪಕ್ಕದಲ್ಲಿದ್ದ ಅಪರಿಚಿತರಿಗೆ ಜೋರಾಗಿಯೇ ಹೇಳಿದೆ: "ಇದನ್ನ ಉಳಿಸಿದ್ದು ಅವರು ಕಣ್ರೀ. ಮೇಲಿನ ಸೂರು ನಮ್ದು!"