ಬಾಗಿಲು ತೆರೆಯದ ಶುಕ್ರವಾರ

ಕಳೆದ ಆಷಾಢದ ಕೊನೆಯ ಶುಕ್ರವಾರ ಬೆಳಿಗ್ಗೆ ಕಾರವಾರದ ಲ್ಯಾಬೊಂದರಲ್ಲಿ ನನ್ನ ಮಗಳು ನಿರ್ಮಲಾಳ ಮಲದಲ್ಲಿ ಅಮೀಬಾ ಕಾಣಿಸಿತು. ಅದಕ್ಕೂ ಮೊದಲಿನ ಎರಡು ಪರೀಕ್ಷೆಗಳಲ್ಲಿ ಏನೂ ಕಂಡಿರಲಿಲ್ಲ.

ಅವಳಿಗೆ ಒಂಬತ್ತು ವರ್ಷ. ನಾಲ್ಕು ತಿಂಗಳಿಂದ ಹೊಟ್ಟೆನೋವು, ಆಮಶಂಕೆ. ಮೂರು ಸಲ ಆಂಟಿಬಯೋಟಿಕ್ ಆಗಿತ್ತು. ಮೈ ಇಳಿದು ಯೂನಿಫಾರ್ಮ್ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಶಾಲೆ ಬಿಡಿಸಿದೆವು. ಮೂರನೇ ಪರೀಕ್ಷೆಯಲ್ಲೂ ಏನೂ ಸಿಗದಿದ್ದರೆ ಮಂಗಳೂರಿನಲ್ಲಿ ಕರುಳಿಗೆ ಕ್ಯಾಮರಾ ಇಳಿಸಿ ನೋಡಬೇಕು ಎಂದು ಡಾಕ್ಟರು ಹೇಳಿದರು. ಕೇಳಿ ಅವಳು ಅತ್ತಳು.

ಬಿಣಗಾದ ನಮ್ಮ ಮನೆಯಿಂದ ಲ್ಯಾಬು ದೂರವಿಲ್ಲ. ಆದರೆ ಹಿಂದಿನ ಎರಡೂ ಸಲ ನಾನು ಡಬ್ಬಿ ಹಿಡಿದು ಮೊದಲು ಎದುರು ದಿಕ್ಕಿನ ಅಂಕೋಲೆಗೆ ಹೋಗಿದ್ದೆ. ಅಲ್ಲಿನ ಗುಡಿಯ ಕುಲದೇವಿಗೆ ಕೈಮುಗಿಯದೆ ನಮ್ಮಲ್ಲಿ ಯಾವ ಕೆಲಸಕ್ಕೂ ಹೊರಡುವುದಿಲ್ಲ. ಮಲದ ಡಬ್ಬಿಯನ್ನು ಗುಡಿಗೆ ಒಯ್ಯುವಂತಿಲ್ಲ. ಅದನ್ನು ಅಲ್ಲೇ ಹತ್ತಿರ, ಹೆಂಡತಿಯ ತಮ್ಮ ಗಣಪತಿಯ ಅಂಗಡಿಯ ಹೊರಗೆ ಮೊಳೆಗೆ ತೂಗುಹಾಕಿದ್ದೆ.

"ಭಾವ, ಜನ ನೆಂಟರ ಮನೆಗೆ ಚಕ್ಕುಲಿ ತರ್ತರು, ನೀ ಎಂತಾ ತಂದಿ!" ಎಂದು ಅವನು ನಕ್ಕಿದ್ದ. ಪೂಜೆ ಮುಗಿಸಿ ಕಾರವಾರ ತಲುಪುವಾಗ ಹನ್ನೊಂದು ದಾಟಿತ್ತು.

ಆ ಶುಕ್ರವಾರ ನಾನು ಹೊರಡುವ ಮೊದಲೇ ಗಣಪತಿಯ ಫೋನ್ ಬಂತು. "ಇವತ್ತು ಬರೂದು ಬ್ಯಾಡ ಭಾವ. ಗುಡಿ ಕೇರಿಲಿ ಅಜ್ಜಿ ಒಂದು ತೀರ್ಕಂಡದೆ. ಹೆಣ ಎತ್ತೂ ತನಕ ಬಾಗ್ಲು ತೆಗೂದಿಲ್ಲ."

ದೇವಿಯೂ ಕೈಬಿಟ್ಟಳು ಅನ್ನಿಸಿತು. ಅಂಗಳದಲ್ಲೇ ಅಂಕೋಲೆಯ ಕಡೆ ಮುಖಮಾಡಿ ಕೈಮುಗಿದು, ನೇರ ಕಾರವಾರದ ಬಸ್ ಹತ್ತಿದೆ.

ಲ್ಯಾಬಿನ ಅಕ್ಕ ಡಬ್ಬಿ ಮುಟ್ಟಿ, "ಇವತ್ತು ಬಿಸಿ ಅದೆಯಲ್ಲ! ಹಿಂದಿನ ಸಲ ಎಷ್ಟೊತ್ತಿಗೆ ತೆಗೆದದ್ದು?" ಎಂದರು.

"ಆರು ಗಂಟೆಗೆ. ದೇವಿಗೆ ಕೈಮುಗಿದು ತಂದೆ."

"ದೇವಿ ಎಲ್ಲಿ ಓಡಿಹೋಗ್ತಾಳೆ ಮಾರಾಯ್ರೆ? ಈ ಅಮೀಬಾ ತಡ ಆದ್ರೆ ಸಾಯ್ತದೆ. ಸತ್ತದ್ದು ಹರಿದಾಡೂದಿಲ್ಲ, ನಮ್ಗೆ ಕಾಣೂದಿಲ್ಲ."

ಸೂಕ್ಷ್ಮದರ್ಶಕದಲ್ಲಿ ಅದು ಹರಿದಾಡುತ್ತಿತ್ತು. ನನಗೂ ತೋರಿಸಿದರು.

ಡಾಕ್ಟರು ಅದಕ್ಕೇ ಬೇಕಾದ ಔಷಧಿ ಕೊಟ್ಟರು. ಹಿಂದಿನ ಮಾತ್ರೆಗಳಿಂದ ಕರುಳಿನ ಒಳ್ಳೆಯ ಜೀವಾಣುಗಳೂ ನಾಶವಾಗಿವೆ, ಅವು ಮರಳಿ ಬೆಳೆಯಲು ತಿಂಗಳುಗಳೇ ಬೇಕು ಎಂದು ಹೇಳಿ ಮಜ್ಜಿಗೆ, ಗಂಜಿ, ಬಾಳೆಹಣ್ಣು, ಕುದಿಸಿದ ನೀರು ಎಂದು ಬರೆದುಕೊಟ್ಟರು. "ಗಂಜಿ ಉಣ್ಣೂಕೂ ಚೀಟಿ ಬೇಕಾಯ್ತಾ?" ಎಂದು ನನ್ನ ಅಮ್ಮ ಅಂದು ಸಂಜೆಯೇ ಕುಚ್ಚಲಕ್ಕಿ ತೊಳೆದರು.

ಬಾಗಿಲು ಮುಚ್ಚಿಯೇ ದೇವಿ ನನ್ನ ಮೊರೆ ಕೇಳಿದಳೆಂದು ನಂಬಿದ್ದೇನೆ. ತೀರಿಹೋದ ಅಜ್ಜಿಯ ಮನೆಗೂ ಹೋಗಿ ಕೈಮುಗಿದು ಬಂದೆ.

ಕಳೆದ ವಾರದ ಪರೀಕ್ಷೆಯಲ್ಲಿ ಅಮೀಬಾ ಇರಲಿಲ್ಲ. ಈ ಸೋಮವಾರ ನಿರ್ಮಲಾ ಶಾಲೆಗೆ ಹೋದಳು. ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡಳೆಂದು ಅವಳ ಟೀಚರ್ ಫೋನ್ ಮಾಡಿ ತಿಳಿಸಿದರು.